ಯೋಗ್ಯತೆ ಬರಲಿ ಎಂದು ಕಾಯದೆ

ನಮ್ಮ ಚರ್ಚಿನ ಸಭೆಯಲ್ಲಿ ಯಾವ ಕೆಲಸಕ್ಕೆ ಯಾರನ್ನು ಕರೆದರೂ ಮೊದಲು ಬರುವ ಉತ್ತರ ಒಂದೇ. “ಅಯ್ಯೋ, ನಾನಾ? ನನಗೆ ಆ ಯೋಗ್ಯತೆ ಎಲ್ಲಿದೆ?” ಸಂಡೇ ಸ್ಕೂಲಿಗೆ ಟೀಚರ್ ಬೇಕು ಅಂದರೂ ಇದೇ, ಮನೆ ಕೂಟದಲ್ಲಿ ಪ್ರಾರ್ಥನೆ ಮಾಡಿ ಅಂದರೂ ಇದೇ. ಹೇಳುವವರು ಬಾಯಿಮಾತಿಗೆ ಹೇಳುವುದಿಲ್ಲ. ನಿಜವಾಗಿ ಹಾಗೆ ಅನಿಸಿಯೇ ಹೇಳುತ್ತಾರೆ. ನನಗೂ ವರ್ಷಗಟ್ಟಲೆ ಹಾಗೆ ಅನಿಸಿದೆ. ಈಗಲೂ ಅನಿಸುತ್ತದೆ. ಆದರೂ ಮಂಗಳವಾರ ಬಂತೆಂದರೆ ನಾನು ಡೊಂಬಿವಲಿಯಿಂದ ಮುಂಬಯಿಯ ಪರೇಲಿಗೆ ಹೋಗುತ್ತೇನೆ, ಕ್ಯಾನ್ಸರ್ ಚಿಕಿತ್ಸೆಗೆ ಬಂದ ಕನ್ನಡದವರ ಜೊತೆ ಇರುತ್ತೇನೆ. ಆ ಅನಿಸಿಕೆ ಹೋಗದೆಯೇ ಈ ಕೆಲಸ ಹೇಗೆ ಶುರುವಾಯಿತು ಎಂದು ಸಭೆಯ ಹೆಂಗಸರು ಆಗಾಗ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಉಡುಪಿ ಕಡೆಯ ಬಾಸೆಲ್ ಮಿಷನ್ ಕುಟುಂಬ. ಸ್ವಿಟ್ಜರ್ಲೆಂಡಿನ ಈ ಕ್ರೈಸ್ತ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಕಾಲದಲ್ಲಿ ಕ್ರೈಸ್ತರಾದ ಎಷ್ಟೋ ಜನರಿಗೆ ಊರಲ್ಲಿ, ಕುಲದಲ್ಲಿ ಜಾಗವೇ ಇಲ್ಲದಂತಾಯಿತು. ಅವರ ಹೊಟ್ಟೆಪಾಡಿಗೆ ಅಂತ ಮಿಷನ್ ನೇಯ್ಗೆಯ ಕಾರ್ಖಾನೆ, ಹಂಚಿನ ಕಾರ್ಖಾನೆ ಶುರು ಮಾಡಿತು. ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆ 1865ರದ್ದು. ನಮ್ಮ ಅಜ್ಜನವರು ಹಂಚಿನ ಕೆಲಸದವರು. ಮನೆಯಲ್ಲಿ ಉಪದೇಶಿ ಆದವರಿಲ್ಲ, ಸಭೆಯಲ್ಲಿ ಹಿರಿಯರ ಸ್ಥಾನ ಪಡೆದವರೂ ಇಲ್ಲ. ಹಿಂದಿನ ಬೆಂಚಿನಲ್ಲಿ ಕೂತು, ಸಂಗೀತ ಹಾಡಿ, ಕಾಣಿಕೆ ಹಾಕಿ, ಆಶೀರ್ವಾದ ಆದ ಕೂಡಲೇ ಮನೆಗೆ ಹೋಗುವ ಜನ ನಾವು. ನಾನು ಓದಿದ್ದು ಎಂಟನೇ ಕ್ಲಾಸು. ಮದುವೆಯಾಗಿ ಮುಂಬಯಿಗೆ ಬಂದೆ. ಯಜಮಾನರು ಒಂದು ಕಂಪನಿಯಲ್ಲಿ ಸ್ಟೋರ್ ಕೀಪರ್. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಸೀರೆಗೆ ಫಾಲ್-ಬೀಡಿಂಗ್ ಮಾಡುತ್ತೇನೆ.

ಇಲ್ಲಿಯ ಕನ್ನಡ ಸಭೆಯಲ್ಲಿ ಎಲ್ಲಾ ಕಡೆಯವರೂ ಇದ್ದಾರೆ. ಮಂಗಳೂರು, ಉಡುಪಿ, ಹುಬ್ಬಳ್ಳಿ, ಬೀದರ್. ಬ್ಯಾಂಕಿನವರು, ನರ್ಸ್‌ಗಳು, ರೈಲ್ವೆಯವರು. ಅವರಲ್ಲಿ ಕೆಲವರು ಪ್ರಾರ್ಥನೆಗೆ ಎದ್ದು ನಿಂತರೆ ಮಾತು ಹೊಳೆಯ ಹಾಗೆ ಹರಿಯುತ್ತದೆ. ನನಗೆ ನಾಲ್ಕು ಜನರ ಮುಂದೆ “ಕರ್ತನೇ” ಅನ್ನುವಷ್ಟರಲ್ಲಿ ಗಂಟಲು ಒಣಗುತ್ತದೆ. ಅದೊಂದೇ ಆಗಿದ್ದರೆ ಪರವಾಗಿರಲಿಲ್ಲ. ಮನೆಯಲ್ಲಿ ಒಬ್ಬಳೇ ಪ್ರಾರ್ಥನೆಗೆ ಕೂತರೂ ಮನಸ್ಸು ಬರಡು. ಗಿರಾಕಿ ಸೀರೆ ನೆನಪಾಗುತ್ತದೆ, ಕುಕ್ಕರ್ ಸೀಟಿ ನೆನಪಾಗುತ್ತದೆ. ಬೇಗ ಸಿಟ್ಟು ಬರುವ ಸ್ವಭಾವ ಬೇರೆ. ಇಂಥವಳು ಯೇಸು ಸ್ವಾಮಿಯ ಶಿಷ್ಯಳು ಅಂತ ಹೇಳಿಕೊಂಡು ಯಾರ ಮುಂದೆ ಹೋಗಲಿ?

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಪ್ರಭು ಭೋಜನದ ಭಾನುವಾರ ಇದು ಇನ್ನೂ ಜಾಸ್ತಿ. ಕೊರಿಂಥದವರಿಗೆ ಪೌಲನು ಬರೆದ ಮೊದಲ ಪತ್ರದ 11ನೇ ಅಧ್ಯಾಯ ನಮ್ಮವರಿಗೆಲ್ಲ ಗೊತ್ತು. ಅಯೋಗ್ಯವಾಗಿ ಈ ರೊಟ್ಟಿ ತಿಂದು ಪಾತ್ರೆಯಲ್ಲಿ ಕುಡಿಯುವವರ ಮೇಲೆ ಅಪರಾಧ ಬರುತ್ತದೆ ಎಂಬ ಮಾತು ಅಲ್ಲಿದೆ. ಆ ಭಯಕ್ಕೆ ಎಷ್ಟೋ ಹೆಂಗಸರು ಬೆಂಚಿನಿಂದ ಏಳುವುದೇ ಇಲ್ಲ. ನಾನೂ ಏಳುತ್ತಿರಲಿಲ್ಲ. ಒಮ್ಮೆ ನಮ್ಮ ಪಾಸ್ಟರ್ ಮನೆ ಕೂಟದಲ್ಲಿ ಅದೇ ಅಧ್ಯಾಯವನ್ನು ಸ್ವಲ್ಪ ಹಿಂದಿನಿಂದ ಓದಿಸಿದರು. ಕೊರಿಂಥದಲ್ಲಿ ನಡೆಯುತ್ತಿದ್ದದ್ದು ಏನು? ಉಳ್ಳವರು ಮೊದಲೇ ಬಂದು ತಮ್ಮ ಊಟ ಮುಗಿಸುತ್ತಿದ್ದರು. ಬಡವರು ಬರುವ ಹೊತ್ತಿಗೆ ಏನೂ ಇರುತ್ತಿರಲಿಲ್ಲ. ಒಬ್ಬರಿಗೆ ಹಸಿವು, ಇನ್ನೊಬ್ಬರಿಗೆ ಅಮಲು. ಪೌಲನ ಸಿಟ್ಟು ಆ ನಡತೆಯ ಮೇಲೆ. ತನ್ನ ಪಾಪಕ್ಕೆ ಅಳುತ್ತಾ ಹಿಂದಿನ ಬೆಂಚಿನಲ್ಲಿ ಕೂತ ಹೆಂಗಸಿನ ಮೇಲಲ್ಲ. ಪೌಲ ಹೇಳಿದ ಪರಿಹಾರವೂ ಅಷ್ಟೇ ಸರಳ: ಒಬ್ಬರಿಗೊಬ್ಬರು ಕಾದುಕೊಳ್ಳಿರಿ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯೋಗ್ಯತೆ ಅಂತ ನಾನು ಹೆದರಿಕೊಂಡದ್ದು ಒಂದು, ದೇವರ ವಾಕ್ಯ ಕೇಳುತ್ತಿದ್ದದ್ದು ಇನ್ನೊಂದು. ಹಸಿದವರಿಗೆ ಕಾಯುತ್ತೀಯಾ ಎಂದು ಅದು ಕೇಳುತ್ತಿತ್ತು.

ಆಮೇಲೆ ನಾನು ಒಂದು ಕೆಲಸ ಮಾಡಿದೆ. ಮಧ್ಯಾಹ್ನ ಹೊಲಿಗೆ ಮಿಷನ್ ನಿಲ್ಲಿಸಿದ ಹೊತ್ತಿನಲ್ಲಿ, ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ದೇವರು ಯಾರನ್ನೆಲ್ಲ ಕರೆದಿದ್ದಾನೋ ಆ ಭಾಗಗಳನ್ನು ಹುಡುಕಿ ಹುಡುಕಿ ಓದಿದೆ. ಬಟ್ಟೆಯ ಅಳತೆ ಬರೆಯುವ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದುಕೊಂಡೆ. ಇದನ್ನು ಯಾರು ಬೇಕಾದರೂ ಮಾಡಬಹುದು, ಮಾಡಲೇಬೇಕು ಅನ್ನುತ್ತೇನೆ.

ಮೋಶೆ ಉರಿಯುವ ಪೊದೆಯ ಮುಂದೆ ನಿಂತು, ಫರೋಹನ ಹತ್ತಿರ ಹೋಗಲು ನಾನು ಎಷ್ಟರವನು ಅನ್ನುತ್ತಾನೆ. ನನಗೆ ಮಾತು ಬರುವುದಿಲ್ಲ, ನಾಲಿಗೆ ಮಂದ ಅನ್ನುತ್ತಾನೆ. ಗಿದ್ಯೋನ ಮನಸ್ಸೆ ಕುಲದಲ್ಲೇ ನನ್ನ ಮನೆತನ ಕಡಿಮೆಯದು, ಮನೆಯಲ್ಲಿ ನಾನೇ ಚಿಕ್ಕವನು ಅನ್ನುತ್ತಾನೆ. ಯೆರೆಮೀಯ ನಾನಿನ್ನೂ ಹುಡುಗ ಅನ್ನುತ್ತಾನೆ. ಯೆಶಾಯ ನನ್ನ ತುಟಿ ಹೊಲಸು ಅನ್ನುತ್ತಾನೆ. ಪೇತ್ರ ಬಲೆ ತುಂಬ ಮೀನು ನೋಡಿ ಯೇಸುವಿನ ಮೊಣಕಾಲಿಗೆ ಬಿದ್ದು, ನಾನು ಪಾಪಿ, ನನ್ನನ್ನು ಬಿಟ್ಟು ಹೋಗು ಅನ್ನುತ್ತಾನೆ. ಇಷ್ಟೂ ಜನ ನಮ್ಮ ಸಭೆಯ ಹೆಂಗಸರ ಹಾಗೆಯೇ ಮಾತಾಡಿದ್ದಾರೆ ಅಲ್ವಾ?

ನನ್ನ ಕಣ್ಣು ತೆರೆದದ್ದು ದೇವರ ಉತ್ತರ ನೋಡಿದಾಗ. ಮೋಶೆಗೆ ದೇವರು “ಹಾಗೆಲ್ಲ ಹೇಳಬೇಡ, ನೀನು ತುಂಬ ದೊಡ್ಡವನು” ಅನ್ನುವುದಿಲ್ಲ. ನಾನು ನಿನ್ನ ಸಂಗಡ ಇರುತ್ತೇನೆ ಅನ್ನುತ್ತಾನೆ. ಗಿದ್ಯೋನನಿಗೂ ಅದೇ ಮಾತು. ಯೆರೆಮೀಯನಿಗೂ ಅದೇ. ಪೇತ್ರನಿಗೆ ಯೇಸು ನೀನು ಪಾಪಿಯಲ್ಲ ಅನ್ನಲಿಲ್ಲ. ಹೆದರಬೇಡ, ಇನ್ನು ಮೇಲೆ ನೀನು ಮನುಷ್ಯರನ್ನು ಹಿಡಿಯುವವನಾಗುವಿ ಅಂದ. ಅಂದರೆ ಯೋಗ್ಯತೆಯ ಬಗ್ಗೆ ದೇವರು ವಾದಕ್ಕೇ ಇಳಿಯುವುದಿಲ್ಲ. ಇದ್ದರೆ ಇರಲಿ ಎಂಬಂತೆ ಅದನ್ನು ಪಕ್ಕಕ್ಕಿಟ್ಟು, ಜೊತೆಗಿರುತ್ತೇನೆ ಎಂದು ಮಾತು ಕೊಟ್ಟು, ಕೈಗೊಂದು ಕೆಲಸ ಕೊಡುತ್ತಾನೆ. ಯೆಶಾಯನ ತುಟಿಗೆ ಮಾತ್ರ ಕೆಂಡ ಮುಟ್ಟಿಸಿ ಶುದ್ಧಿ ಮಾಡಿಸಿದ. ಅದನ್ನೂ ದೇವರೇ ಮಾಡಿಸಿದ್ದು, ಯೆಶಾಯ ತಾನೇ ಶುದ್ಧಿ ಮಾಡಿಕೊಂಡು ಬಂದದ್ದಲ್ಲ.

ಇದು ತಿಳಿದ ಮೇಲೂ ನಾನು ಮನೆ ಬಿಟ್ಟು ಹೊರಡಲಿಲ್ಲ ನೋಡಿ. ತಿಳಿಯುವುದೇ ಬೇರೆ, ಹೊರಡುವುದೇ ಬೇರೆ. ಹೊರಡಿಸಲು ಒಬ್ಬರು ಬಂದು ಕರೆಯಬೇಕಾಯಿತು.

ನಮ್ಮ ಸಭೆಯಲ್ಲಿ ಒಬ್ಬರು ಅಕ್ಕ ಇದ್ದಾರೆ. ನರ್ಸ್ ಆಗಿ ರಿಟೈರ್ ಆದವರು. ಪರೇಲಿಗೆ ಮೊದಲಿನಿಂದ ಹೋಗುತ್ತಿದ್ದವರು ಅವರೇ. ಒಂದು ಭಾನುವಾರ ಆರಾಧನೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ, ಮಂಗಳವಾರ ನನ್ನ ಜೊತೆ ಬರುತ್ತೀಯಾ ಎಂದು ಕೇಳಿದರು. ನನ್ನ ಬಾಯಿಗೆ ಬಂದದ್ದು ಅದೇ ಹಳೆಯ ಉತ್ತರ. ಅವರು ಹೇಳಿದರು: “ನೀನು ಯೋಗ್ಯಳಾ ಅಂತ ನಾನು ಕೇಳಿದ್ನಾ ಮಾರಾಯ್ತಿ? ಮಂಗಳವಾರ ಬಿಡುವಿದ್ಯಾ ಅಂತ ಕೇಳಿದ್ದು. ಮಾತಾಡಬೇಡ, ಪ್ರಾರ್ಥನೆ ಮಾಡಬೇಡ. ಫೈಲ್ ಹಿಡ್ಕೊಂಡು ಲೈನಲ್ಲಿ ನಿಂತ್ರೆ ಸಾಕು.”

ದೇವರ ಕರೆ ಅಂದರೆ ಕನಸು, ದರ್ಶನ, ಕಿವಿಯಲ್ಲಿ ಧ್ವನಿ ಎಂದು ನಾನು ಅಂದುಕೊಂಡಿದ್ದೆ. ಹಾಗೂ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಪೇತ್ರನನ್ನು ಯೇಸುವಿನ ಹತ್ತಿರ ಕರೆದುಕೊಂಡು ಹೋದವನು ಅವನ ತಮ್ಮ ಅಂದ್ರೆಯ. ದಮಸ್ಕದಲ್ಲಿ ಕಣ್ಣು ಕಾಣದೆ ಕೂತಿದ್ದ, ಮುಂದೆ ಪೌಲ ಎನಿಸಿಕೊಂಡ ಸೌಲನ ಹತ್ತಿರ ಹೋಗಿ “ಸಹೋದರನಾದ ಸೌಲನೇ” ಎಂದು ಅವನ ಮೇಲೆ ಕೈ ಇಟ್ಟವನು ಅನನೀಯ. ಹೆಚ್ಚಿನವರಿಗೆ ಕರೆ ಬರುವುದು ಇನ್ನೊಬ್ಬರ ಬಾಯಿಂದಲೇ. ಅದೂ ಒಂದು ಸಣ್ಣ, ಗೊತ್ತಾದ ಕೆಲಸವಾಗಿ ಬರುತ್ತದೆ. ಹಾಗಾಗಿ ಯಾರಾದರೂ ನಿಮ್ಮನ್ನು ಬಂದು ಕೇಳಿದರೆ, ಬೇಗ ಇಲ್ಲ ಅನ್ನಬೇಡಿ.

ಟಾಟಾ ಮೆಮೋರಿಯಲ್ ಆಸ್ಪತ್ರೆ ಪರೇಲಿನಲ್ಲಿ 1941ರಿಂದ ಇದೆ. ದೇಶದ ಮೂಲೆಮೂಲೆಯಿಂದ ಅಲ್ಲಿಗೆ ಜನ ಬರುತ್ತಾರೆ. ನಮ್ಮ ಕಲಬುರಗಿ, ಬೀದರ್, ವಿಜಯಪುರ, ಬೆಳಗಾವಿ ಕಡೆಯವರಿಗೆ ಬೆಂಗಳೂರಿಗಿಂತ ಮುಂಬಯಿಯೇ ಹತ್ತಿರ. ಕಲಬುರಗಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ದಾದರಿನಲ್ಲಿ ಇಳಿಯಬಹುದು. ಇಳಿದ ಮೇಲೆ ಕಷ್ಟ. ಹಿಂದಿ ಬರುವುದಿಲ್ಲ, ಮರಾಠಿ ಬರುವುದಿಲ್ಲ. ಕೈಯಲ್ಲಿ ಊರಿನ ಡಾಕ್ಟರ್ ಬರೆದ ಚೀಟಿ, ಸ್ಕ್ಯಾನಿನ ದೊಡ್ಡ ಲಕೋಟೆ, ಒಂದು ಚೀಲ ರೊಟ್ಟಿ. ಆಸ್ಪತ್ರೆಯ ಮುಂದಿನ ಅರ್ನೆಸ್ಟ್ ಬೋರ್ಜಸ್ ರಸ್ತೆಯ ಫುಟ್‌ಪಾತಿನಲ್ಲೇ ಎಷ್ಟೋ ಕುಟುಂಬಗಳು ದಿನ ಕಳೆಯುತ್ತವೆ. ಪುಣ್ಯ ಇದ್ದವರಿಗೆ ದಾದರಿನ ಗಾಡಗೆ ಮಹಾರಾಜರ ಧರ್ಮಶಾಲೆಯಲ್ಲಿ ಜಾಗ ಸಿಗುತ್ತದೆ. ಕೈಯಲ್ಲಿ ಪೊರಕೆ ಹಿಡಿದು ಊರೂರು ಗುಡಿಸಿದ ಆ ಸಂತರ ಹೆಸರಿನಲ್ಲಿ ಇವತ್ತಿಗೂ ಕ್ಯಾನ್ಸರ್ ರೋಗಿಗಳಿಗೆ, ಅವರ ಜೊತೆಯವರಿಗೆ ಅಲ್ಲಿ ಆಸರೆ ಇದೆ. ಆ ಮೆಟ್ಟಿಲು ಹತ್ತುವಾಗಲೆಲ್ಲ ನನಗೆ ಗೌರವದಿಂದ ತಲೆ ಬಾಗುತ್ತದೆ.

ಮೊದಲ ದಿನಗಳಲ್ಲಿ ನಾನು ಅಕ್ಕ ಹೇಳಿದಷ್ಟೇ ಮಾಡಿದೆ. ಲೈನಿನಲ್ಲಿ ನಿಂತೆ. ಫೈಲ್ ಹಿಡಿದುಕೊಂಡೆ. ಕಲಬುರಗಿ ಕಡೆಯ ಒಬ್ಬ ಹೆಣ್ಣುಮಗಳು ಪಕ್ಕದಲ್ಲಿ ನಿಂತು ಕೌಂಟರಿನ ಕಡೆಗೇ ನೋಡುತ್ತಿದ್ದಳು. ಒಳಗಿನಿಂದ ಏನೋ ಹೇಳಿದರು. ಅವಳು ನನ್ನ ಸೆರಗು ಹಿಡಿದು, “ಅಕ್ಕಾರ, ಏನಂತಾರ್ರೀ ಅವ್ರು? ನಮ್ಮನ್ನ ಹೊಳ್ಳಿ ಕಳಸ್ತಾರೇನ್ರೀ?” ಎಂದು ಕೇಳಿದಳು. ಒಳಗಿದ್ದವರು ಹೇಳಿದ್ದು ಇಷ್ಟೇ, ಹೆಸರು ಕರೆಯುವ ತನಕ ಅಲ್ಲಿ ಬೆಂಚಿನ ಮೇಲೆ ಕೂತುಕೊಳ್ಳಿ ಅಂತ. ಅದನ್ನು ಕನ್ನಡದಲ್ಲಿ ಹೇಳಿದೆ. ಅವಳು ಉಸಿರು ಬಿಟ್ಟು ಕೂತಳು. ಆ ಒಂದು ಮಾತು ಹೇಳುವುದಕ್ಕೆ ನಾನು ಎಷ್ಟು ಪರಿಶುದ್ಧಳಾಗಿರಬೇಕಿತ್ತು? ಕನ್ನಡ ಬಂದರೆ ಸಾಕಿತ್ತು. ಈ ಪ್ರಶ್ನೆ ನನ್ನನ್ನು ಬಿಡಿಸಿತು ಅಂತಲೇ ಹೇಳಬೇಕು.

ಹೋಗುತ್ತಾ ಹೋಗುತ್ತಾ ಮಾತು ಹೇಳುವುದರ ಭಾರವೂ ಗೊತ್ತಾಯಿತು. ಡಾಕ್ಟರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು. “ಏನೂ ಆಗಲ್ಲ, ದೇವರಿದ್ದಾನೆ” ಎಂದು ನಾವಾಗಿ ಸೇರಿಸುವುದು ತಪ್ಪು. ಕೇಳುವವರು ಅದನ್ನು ಡಾಕ್ಟರ್ ಮಾತು ಅಂದುಕೊಳ್ಳುತ್ತಾರೆ. ಮನೆಯವರು ಬಾಗಿಲಿನ ಹೊರಗೆ ನಮ್ಮ ಕೈ ಹಿಡಿದು, “ಅವ್ವಗ ಹೇಳಬ್ಯಾಡ್ರಿ” ಅನ್ನುತ್ತಾರೆ. ಆಗ ನಾನು ಮುಚ್ಚಿಡುವುದೂ ಇಲ್ಲ, ಹೇಳಿಬಿಡುವುದೂ ಇಲ್ಲ. ಮನೆಯವರು ಹೀಗೆ ಕೇಳುತ್ತಿದ್ದಾರೆ ಎಂದು ಡಾಕ್ಟರಿಗೇ ಹಿಂದಿಯಲ್ಲಿ ಹೇಳುತ್ತೇನೆ. ತೀರ್ಮಾನ ಅವರಿಗೆ, ರೋಗಿಗೆ ಬಿಟ್ಟದ್ದು. ಗೊತ್ತಾಗದ ಮಾತು ಬಂದರೆ ನಾಚಿಕೆ ಇಲ್ಲದೆ ಇನ್ನೊಮ್ಮೆ ಕೇಳುತ್ತೇನೆ. ಎಂಟನೇ ಕ್ಲಾಸಿನವಳು ಅನ್ನುವುದು ಇಲ್ಲಿ ಒಳ್ಳೆಯದೇ ಆಯಿತು. ನನಗೆ ಅರ್ಥವಾಗುವಷ್ಟು ಬಿಡಿಸಿ ಹೇಳಿದರೆ ರೋಗಿಗೂ ಅರ್ಥವಾಗುತ್ತದೆ.

ಈಗ ಹೊಲಿಗೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ. ಯಾಕೆಂದರೆ ನನ್ನ ಕರೆ ನನಗೆ ಖಚಿತವಾದದ್ದು ಇಲ್ಲಿ.

ಸ್ತನದ ಆಪರೇಷನ್ ಆದ ಹೆಂಗಸರಿಗೆ ಗಾಯದ ಒಳಗೆ ಸೇರುವ ನೀರು, ರಕ್ತ ಹೊರಗೆ ಬರಲು ಒಂದು ಸಣ್ಣ ನಳಿಕೆ ಇಟ್ಟಿರುತ್ತಾರೆ. ನಳಿಕೆಯ ತುದಿಗೆ ಒಂದು ಪ್ಲಾಸ್ಟಿಕ್ ಡಬ್ಬಿ. ಡ್ರೇನ್ ಅನ್ನುತ್ತಾರೆ. ಕೆಲವರನ್ನು ಅದು ಇರುವಾಗಲೇ ಡಿಸ್ಚಾರ್ಜ್ ಮಾಡುತ್ತಾರೆ. ನಮ್ಮ ಕಡೆಯ ಹೆಂಗಸರು ಆ ಡಬ್ಬಿಯನ್ನು ಪ್ಲಾಸ್ಟಿಕ್ ಕೈಚೀಲದಲ್ಲಿ ಹಾಕಿ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದರು. ಕೆಲವರು ಪಿನ್ ಹಾಕಿ ಸೀರೆಗೆ ಸಿಕ್ಕಿಸುತ್ತಿದ್ದರು. ಏಳುವಾಗ ಎಳೆದುಬಿಟ್ಟರೆ ಪ್ರಾಣ ಹೋಗುವಷ್ಟು ನೋವು. ಎಲ್ಲರಿಗೂ ಕಾಣುತ್ತದೆ ಎಂಬ ಸಂಕೋಚ ಅದಕ್ಕಿಂತ ದೊಡ್ಡ ನೋವು. ಅಕ್ಕ ನನಗೆ ತೋರಿಸಿ, “ನೀನು ಹೊಲಿಗೆಯವಳಲ್ವಾ, ಇದಕ್ಕೊಂದು ಚೀಲ ಮಾಡಲಿಕ್ಕೆ ಆಗ್ತದಾ?” ಎಂದು ಕೇಳಿದರು.

ಅಂದು ರಾತ್ರಿಯೇ ಕೂತೆ. ಬ್ಲೌಸ್ ಲೈನಿಂಗಿನ ಉಳಿದ ಕಾಟನ್ ಬಟ್ಟೆ ತೆಗೆದುಕೊಂಡೆ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಚರ್ಮಕ್ಕೆ ಉರಿ. ಅದಕ್ಕೆ ಎರಡು ಸಲ ತೊಳೆದು ಒಣಗಿಸಿ ಇಸ್ತ್ರಿ ಮಾಡಬೇಕು. ಡಬ್ಬಿ ನೆಟ್ಟಗೆ ನಿಲ್ಲುವಷ್ಟು ಅಗಲ ಇರಲಿ, ಜಾಸ್ತಿ ಬೇಡ, ಒಳಗೆ ಹೊರಳಬಾರದು. ಹೊಲಿಗೆಯ ಅಂಚು ಒಳಗೂ ಹೊರಗೂ ಚುಚ್ಚದ ಹಾಗೆ ಮಡಚಿ ಎರಡು ಸಲ ಹೊಲಿಯಬೇಕು. ಪಟ್ಟಿ ಮುಖ್ಯ. ಆಪರೇಷನ್ ಆಗದ ಕಡೆಯ ಹೆಗಲಿನಿಂದ ಅಡ್ಡ ಹಾಕಿಕೊಳ್ಳುವಷ್ಟು ಉದ್ದ ಇರಬೇಕು, ಡಬ್ಬಿ ಯಾವಾಗಲೂ ಗಾಯಕ್ಕಿಂತ ಕೆಳಗೇ ಇರಬೇಕು. ಇಲ್ಲದಿದ್ದರೆ ನೀರು ಸರಿಯಾಗಿ ಇಳಿಯುವುದಿಲ್ಲ. ಪಟ್ಟಿ ಸಪೂರ ಮಾಡಿದರೆ ಹೆಗಲು ಕೊಯ್ಯುತ್ತದೆ, ಅಗಲ ಬೇಕು. ಬಾಯಿಗೆ ಗುಂಡಿ ಬೇಡ, ಒಂದು ಕೈಯಲ್ಲಿ ಹಾಕಲು ಆಗುವುದಿಲ್ಲ. ಮಡಚಿದರೆ ಮುಚ್ಚಿಕೊಳ್ಳುವ ಹಾಗೆ ಒಂದು ತುಂಡು ಬಟ್ಟೆ ಬಿಟ್ಟರೆ ಸಾಕು. ಬಣ್ಣ ಗಾಢವಾಗಿರಲಿ. ವಾರ್ಡಿನ ಸಿಸ್ಟರ್ ನೋಡಿ ಸರಿ ಎಂದ ಮೇಲೆಯೇ ಕೊಡಲು ಶುರು ಮಾಡಿದೆ.

ಮೊದಲ ಚೀಲ ಹಾಕಿಕೊಂಡವರು ಬೆಳಗಾವಿ ಕಡೆಯವರು. ಹಾಕಿ, ಮೇಲೆ ಸೆರಗು ಹೊದ್ದು, ಕನ್ನಡಿ ಇಲ್ಲದ್ದಕ್ಕೆ ನನ್ನ ಕಡೆ ತಿರುಗಿ “ಕಾಣ್ತದೇನ್ರೀ?” ಎಂದು ಕೇಳಿದರು. ಕಾಣುವುದಿಲ್ಲ ಅಂದೆ. ಅವರು ಎರಡೂ ಕೈ ಬಿಟ್ಟುಕೊಂಡು ಕಾರಿಡಾರಿನ ಕೊನೆಯ ತನಕ ನಡೆದು ಹೋಗಿ ಬಂದರು.

ದೇವರು ಮೋಶೆಗೆ ನಿನ್ನ ಕೈಯಲ್ಲಿರುವುದೇನು ಎಂದು ಕೇಳಿದ. ಕುರಿ ಕಾಯುವ ಕೋಲು ಇತ್ತು, ಅದೇ ಸಾಕಾಯಿತು. ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಲ್ಲಿ ಯೊಪ್ಪ ಊರಿನ ತಬಿಥಾ ಇದ್ದಾಳೆ, ದೊರ್ಕ ಅಂತಲೂ ಹೆಸರು. ಅವಳನ್ನು ಸತ್ಯವೇದ ಶಿಷ್ಯಳು ಎಂದೇ ಕರೆಯುತ್ತದೆ. ಅವಳು ಉಪದೇಶ ಮಾಡಿದ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ಅವಳು ಸತ್ತಾಗ ವಿಧವೆಯರೆಲ್ಲ ಪೇತ್ರನ ಸುತ್ತ ನಿಂತು ಅಳುತ್ತಾ, ಅವಳು ಹೊಲಿದುಕೊಟ್ಟ ಅಂಗಿ, ಬಟ್ಟೆಗಳನ್ನು ತೋರಿಸಿದರು. ಅವಳ ಶಿಷ್ಯತ್ವಕ್ಕೆ ಸಾಕ್ಷಿ ಆ ಬಟ್ಟೆಗಳೇ. ಚಿಕ್ಕಂದಿನಿಂದ ಕೇಳಿದ ಕಥೆ ಇದು. ಡ್ರೇನಿನ ಚೀಲ ಹೊಲಿದ ಮೇಲೆ ಓದಿದಾಗ ಹೊಲಿಗೆ ಮಿಷನ್ನಿನ ಮುಂದೆ ಕೂತು ಜೋರಾಗಿ ಅತ್ತೆ. ನಾನು ಕಡಿಮೆ ಅಂದುಕೊಂಡಿದ್ದ ಕೆಲಸವನ್ನೇ ಕರ್ತನು ಕೇಳಿದ್ದ.

ಮಹಾರಾಷ್ಟ್ರದಲ್ಲಿ ಇರುವವಳಾಗಿ ಪಂಡಿತಾ ರಮಾಬಾಯಿಯವರನ್ನೂ ನೆನೆಯಬೇಕು. 1858ರಲ್ಲಿ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಪುಣೆ ಜಿಲ್ಲೆಯ ಕೇಡಗಾಂವದಲ್ಲಿ ಮುಕ್ತಿ ಮಿಷನ್ ಕಟ್ಟಿದರು. ಅಲ್ಲಿಗೆ ಬಂದವರು ಯಾರು? ವಿಧವೆಯರು, ಬರಗಾಲದಲ್ಲಿ ಬೀದಿಗೆ ಬಿದ್ದ ಹೆಣ್ಣುಮಕ್ಕಳು. ಎದುರಿಗೆ ಬಂದರೆ ಅಪಶಕುನ ಎಂದು ಜನ ಮುಖ ತಿರುಗಿಸುತ್ತಿದ್ದವರು. ರಮಾಬಾಯಿ ಮೂಲ ಭಾಷೆಗಳಿಂದ ಮರಾಠಿಗೆ ತಂದ ಸತ್ಯವೇದ ಅಚ್ಚಾದದ್ದು ಅದೇ ಹೆಣ್ಣುಮಕ್ಕಳ ಕೈಯಲ್ಲಿ, ಮುಕ್ತಿಯ ಪ್ರೆಸ್ಸಿನಲ್ಲಿ. ಲೋಕ ಯಾರನ್ನು ಯಾವುದಕ್ಕೂ ಆಗದವರು ಅಂದಿತೋ ಅವರೇ ದೇವರ ವಾಕ್ಯದ ಅಕ್ಷರ ಜೋಡಿಸಿದರು. ಇದನ್ನು ನೆನೆದರೆ, ನಾನು ಯಾತಕ್ಕೂ ಆಗದವಳು ಎಂಬ ಮಾತು ಬಾಯಿಗೆ ಬರುವುದು ಕಷ್ಟ.

ಇನ್ನೊಂದು ವಿಷಯ ಖಡಾಖಂಡಿತವಾಗಿ ಹೇಳುತ್ತೇನೆ. ಹಾಸಿಗೆಯಲ್ಲಿ ಮಲಗಿದವರ ಮುಂದೆ ಉಪದೇಶ ಬೇಡ. ಅವರು ಎದ್ದು ಹೋಗಲಾರರು, ಬೇಡ ಅನ್ನಲಾರರು. ಅಂಥವರಿಗೆ ನಮ್ಮ ಮತ ಹೇಳುವುದು ಸೇವೆಯಲ್ಲ. ಯೇಸು ಸ್ವಾಮಿ ಶಿಷ್ಯರ ಕಾಲು ತೊಳೆದಾಗ ಮೊದಲು ನೀರು ತಂದ, ತೊಳೆದ, ವಸ್ತ್ರದಿಂದ ಒರೆಸಿದ. ಮಾತು ಆಮೇಲೆ. ಧರ್ಮಶಾಲೆಯಲ್ಲಿ ವಿಜಯಪುರ ಕಡೆಯ ಒಬ್ಬರು ಅಜ್ಜಿ ಇದ್ದರು. ಕೊರಳಲ್ಲಿ ಇಷ್ಟಲಿಂಗ. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುವವರಲ್ಲ. ಕಿಮೋ ಆದ ಮೇಲೆ ಏಳಲು ಆಗದೆ ಒದ್ದಾಡುತ್ತಿದ್ದರು. ನಾನು ತಂಬಿಗೆ ತೊಳೆದು ಶುದ್ಧ ನೀರು ತಂದಿಡುತ್ತಿದ್ದೆ, ವಿಭೂತಿ ಮುಗಿದಾಗ ಹುಡುಕಿ ತಂದೆ. ಪೂಜೆ ಮುಗಿಯುವ ತನಕ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದೆ. ಇದು ನನ್ನ ಶಿಷ್ಯತ್ವಕ್ಕೆ ವಿರುದ್ಧ ಎಂದು ನನಗೆ ಒಂದು ದಿನವೂ ಅನಿಸಲಿಲ್ಲ. ಒಮ್ಮೆ ಅಜ್ಜಿಯೇ ಕೇಳಿದರು, “ಯವ್ವಾ, ನಿಮ್ಮ ದೇವರಿಗೆ ನನ್ನ ಸಲುವಾಗಿ ಬೇಡ್ಕೊತೀಯೇನು?” ಅಂತ. ಗಂಟಲು ಒಣಗಿತು. ನನ್ನ ಮಾತು ಬರದಿದ್ದಾಗ 23ನೇ ಕೀರ್ತನೆ ಬಂತು. “ಯೆಹೋವನು ನನಗೆ ಕುರುಬನು, ಕೊರತೆಪಡೆನು” ಎಂದು ಶುರು ಮಾಡಿ ಕೊನೆಯ ತನಕ ಹೇಳಿದೆ. ಅಷ್ಟೇ ನನ್ನ ಪ್ರಾರ್ಥನೆ. ಸ್ವಂತ ಮಾತು ಇಲ್ಲದವರಿಗೆ ಕೀರ್ತನೆಗಳು ಇವೆ. ಒಂದೆರಡನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ.

ಒಬ್ಬರೇ ಹೋಗಬೇಡಿ. ಮೋಶೆ ಬೇರೆ ಯಾರನ್ನಾದರೂ ಕಳಿಸು ಅಂದಾಗ ದೇವರಿಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೂ ಅಣ್ಣ ಆರೋನನನ್ನು ಜೊತೆಗೆ ಕೊಟ್ಟ. ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದ. ಮಾತು ಬಾರದವಳಿಗೆ ಮಾತಾಡುವ ಅಕ್ಕ, ಕಾಲು ನೋವಿನ ಅಕ್ಕನಿಗೆ ಓಡಾಡುವ ನಾನು. ವಾಪಸು ಬರುವಾಗ ಲೇಡೀಸ್ ಡಬ್ಬಿಯಲ್ಲಿ ಜಾಗ ಸಿಕ್ಕಿದರೆ ಅಂದಿನದನ್ನೆಲ್ಲ ಅಲ್ಲೇ ಹೇಳಿಕೊಂಡು ಮುಗಿಸುತ್ತೇವೆ. ಹಾಗೆ ಹೇಳಿಕೊಳ್ಳದಿದ್ದರೆ ಮನೆಗೆ ಹೊತ್ತುಕೊಂಡು ಬರುತ್ತೇವೆ, ಮನೆಯವರ ಮೇಲೆ ಇಳಿಸುತ್ತೇವೆ.

ಅಯೋಗ್ಯಳು ಎಂಬ ಅನಿಸಿಕೆ ಹೋಗಿಲ್ಲ ಎಂದು ಮೊದಲೇ ಹೇಳಿದೆ. ಅದು ಬಂದಾಗ ನಾನು ಈಗ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದಕ್ಕೆ ಹೆಸರು ಇದೆಯಾ? ಒಂದು ಸಲ ಹೆಸರು ಇತ್ತು. ಊರಿನ ಮನೆ ಪಾಲಾದ ಮೇಲೆ ನಾನು, ನನ್ನ ಒಡಹುಟ್ಟಿದ ಅಕ್ಕ ಮಾತು ಬಿಟ್ಟಿದ್ದೆವು. ಪ್ರಾರ್ಥನೆಗೆ ಕೂತಾಗಲೆಲ್ಲ ಅವಳ ಮುಖ. ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಹೋಗಿ ಮೊದಲು ಒಂದಾಗು ಎಂದು ಮತ್ತಾಯ 5ರಲ್ಲಿ ಇದೆ. ಅವಳಿಗೆ ಫೋನ್ ಮಾಡಿದೆ. “ಊಟ ಆಯ್ತಾ ಅಕ್ಕ?” ಅಂದೆ. ಆ ಕಡೆಯಿಂದ ತುಂಬ ಹೊತ್ತು ಉತ್ತರ ಬರಲಿಲ್ಲ, ಆಮೇಲೆ “ಇಲ್ಲ, ಈಗ ಗಂಜಿಗೆ ಕೂತದ್ದು” ಅಂದಳು. ಈಗ ಮಾತಾಡುತ್ತೇವೆ. ಹೀಗೆ ಗೊತ್ತಾದ ವಿಷಯವಾದರೆ ಅದು ಮನಸ್ಸಾಕ್ಷಿ, ಅಂದೇ ಸರಿ ಮಾಡಬೇಕು. ಆದರೆ ಹೆಸರೇ ಇಲ್ಲದ, ಸುಮ್ನೆ “ನೀನು ಯಾರು, ನೀನು ಯಾಕೆ” ಎಂಬ ಮಂಕು ಕವಿದರೆ ಅದಕ್ಕೆ ಉತ್ತರ ಹುಡುಕುತ್ತಾ ಕೂರಬಾರದು. ಟಿಫಿನ್ ಕಟ್ಟಿಕೊಂಡು ರೈಲು ಹತ್ತಬೇಕು.

ಕಷ್ಟದ ದಿನಗಳು ಇವೆ. ಇನ್ನು ಚಿಕಿತ್ಸೆ ಕೊಟ್ಟು ಪ್ರಯೋಜನವಿಲ್ಲ, ಊರಿಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರ್ ಹೇಳಿದ್ದನ್ನು ನಾನೇ ಕನ್ನಡದಲ್ಲಿ ಹೇಳಬೇಕಾಗುತ್ತದೆ. ಚಿಕ್ಕ ಮಕ್ಕಳ ತಾಯಿಗೆ ಹೇಳಿದ್ದೇನೆ. ಆ ಹೊತ್ತಿಗೆ ಯಾವ ಮಾತೂ ಸಾಲದು, ನಾನಂತೂ ಸಾಲುವುದೇ ಇಲ್ಲ. ಅವರ ಚೀಲ ಕಟ್ಟಿಕೊಟ್ಟು, ದಾದರಿನ ತನಕ ಹೋಗಿ ರೈಲು ಹತ್ತಿಸಿ ಬರುತ್ತೇನೆ. ಹೊಗಳಿಕೆಯ ದಿನಗಳೂ ಇವೆ, ಅವು ಇನ್ನೊಂದು ಥರ ಕಷ್ಟ. ವಾರ್ಷಿಕ ಕೂಟದಲ್ಲಿ ನನ್ನನ್ನು ಮುಂದೆ ನಿಲ್ಲಿಸಿ ಶಾಲು ಹೊದಿಸಿದರು. ಪ್ರೀತಿಯಿಂದಲೇ ಮಾಡಿದರು. ಲೂಕ 17ರಲ್ಲಿ ಯೇಸು ಹೇಳಿದ ಆಳುಗಳ ಮಾತು ಅಂದು ನನಗೆ ಆಸರೆಯಾಯಿತು. ಅಪ್ಪಣೆಯಾದದ್ದನ್ನೆಲ್ಲ ಮಾಡಿದ ಮೇಲೂ, ನಾವು ಬರೀ ಆಳುಗಳು, ಮಾಡಬೇಕಾದದ್ದನ್ನೇ ಮಾಡಿದ್ದೇವೆ ಅನ್ನಿ ಎಂದು ಆತ ಹೇಳಿದ. ಮೊದಲು ಈ ವಾಕ್ಯ ಓದಿದರೆ ಕುಗ್ಗುತ್ತಿದ್ದೆ. ಈಗ ಹಗುರ ಅನಿಸುತ್ತದೆ. ಆಳಿನ ಯೋಗ್ಯತೆಯ ಚಿಂತೆ ಯಜಮಾನನಿಗೆ ಸೇರಿದ್ದು, ಅಲ್ವಾ?

ಈಚೆಗೆ ಬೀದರ್ ಕಡೆಯ ಒಬ್ಬ ತಂಗಿ ನಮ್ಮ ಸಭೆಗೆ ಬರುತ್ತಿದ್ದಾಳೆ. ಮನೆಗಳಲ್ಲಿ ಅಡುಗೆ ಕೆಲಸ ಮಾಡುತ್ತಾಳೆ. ಅವಳಿಗೆ ದಖನಿ ಉರ್ದು ಚೆನ್ನಾಗಿ ಬರುತ್ತದೆ. ನನ್ನ ಬಂಬಯ್ಯಾ ಹಿಂದಿ ತಲುಪದ ಕಡೆಯ ಹೆಂಗಸರಿಗೆ ಅವಳ ಮಾತು ತಲುಪುತ್ತದೆ. ಕರೆದಾಗ ಅವಳೂ ಅದೇ ಉತ್ತರ ಕೊಟ್ಟಳು. ನಾನು ವಾದ ಮಾಡಲಿಲ್ಲ. ಮೂಗಿನ ನಳಿಕೆಯಲ್ಲಿ ಊಟ ಹಾಕಿಸಿಕೊಳ್ಳುವವರಿಗೆ ರಾಗಿ ಅಂಬಲಿಯನ್ನು ಒಂದು ಗಂಟೂ ಇಲ್ಲದ ಹಾಗೆ ಬಟ್ಟೆಯಲ್ಲಿ ಸೋಸಿ ಕೊಡಬೇಕು, ಗುರುವಾರ ಆಗುತ್ತದಾ ಎಂದು ಕೇಳಿದೆ. ಅಡುಗೆಯವಳಲ್ಲವೇ, ಅದಕ್ಕೆ ಹೂಂ ಅಂದಳು. ಈಗ ಅಕ್ಕನ ಜೊತೆ ಗುರುವಾರ ಅವಳು ಧರ್ಮಶಾಲೆಗೆ ಹೋಗುತ್ತಾಳೆ, ಮಂಗಳವಾರ ನಾನು. ಚೀಲಕ್ಕೆ ಬಟ್ಟೆ ಮಾತ್ರ ಸಾಲುತ್ತಿಲ್ಲ. ಮನೆಯಲ್ಲಿ ಮೆತ್ತಗಾದ ಕಾಟನ್ ಸೀರೆ, ಲುಂಗಿ ಇದ್ದವರು ತೊಳೆದು ಒಣಗಿಸಿ ಇಡಿ. ನಮ್ಮ ಸಭೆಯವರಾದರೆ ಭಾನುವಾ‍ರ ನನ್ನ ಕೈಗೆ ಕೊಡಿ. ದೂರದವರಾದರೆ ನಿಮ್ಮ ಊರಿನ ಆಸ್ಪತ್ರೆಯ ವಾರ್ಡಿನಲ್ಲಿ ಸಿಸ್ಟರನ್ನು ಕೇಳಿ ನೋಡಿ, ಅಲ್ಲೂ ಬೇಕಾಗಿರುತ್ತದೆ.